ಮಜೂರಿ

ದೇರಾದ ಚಿನ್ನದ ಸೂಕಿನ ಹಿಂದೆ, ಮೂರನೇ ಮಹಡಿ,
ಕಿಟಕಿಯಿಲ್ಲದ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಬಾಗಿದ ಕತ್ತು ನನ್ನದು.
ಕೊಕ್ಕೆ ಕೂರಿಸಲು ಬಾಗಿದ್ದು, ಹರಳು ಹಿಡಿಸಲು ಬಾಗಿದ್ದು,
ಆಮೇಲೆ ಸುಮ್ಮನೇ ಬಾಗಿದ್ದು.
ಈಗ ಯಾರಾದರೂ ಹಿಂದಿನಿಂದ ಕರೆದರೆ
ಮೈಯೆಲ್ಲ ತಿರುಗಬೇಕು,
ಓಣಿಯಲ್ಲಿ ಸಿಕ್ಕಿಕೊಂಡ ಲಾರಿಯ ಹಾಗೆ.

ಕಾರುಗಳ ಗಾಜಿಗೆ ಸಿಕ್ಕಿಸಿದ ಚೀಟಿಗಳಿವೆ ಇಲ್ಲಿ,
ಫುಟ್‌ಪಾತಿನ ತುಂಬ ಚೆಲ್ಲಿದ ಹುಡುಗಿಯರ ನಗು,
ಬೆಳಗಾದರೆ ಪೊರಕೆಯವನು ಬಳಿದೊಯ್ಯುವ ಮಸಾಜು.
ಅದು ಬೇರೆ ಅಂಗಡಿ. ನನಗೆ ನೋಯುವುದು ಕತ್ತು.

ಪುರ್ಸು ಶೇಟ್ ಹೇಳಿದ: ಹೋಟೆಲಿನಲ್ಲಿ ಐನೂರು ದಿರ್ಹಮ್,
ಬೆನ್ನ ಮೇಲೆ ಬಿಸಿ ಕಲ್ಲಿಡುತ್ತಾರೆ, ಕೊಳಲು ಹಚ್ಚುತ್ತಾರೆ.
ಕಲ್ಲು ನಾನೂ ಬಿಸಿ ಮಾಡಬಲ್ಲೆ ಮಾರಾಯ, ಅಂದೆ.
ಸತ್ವಾದಲ್ಲಿ ತೊಂಬತ್ತೊಂಬತ್ತರ ಆಫರು:
ಊಟವಾದ ಮೇಜು ಒರೆಸಿದಂತೆ ಒರೆಸಿದ ಹುಡುಗ,
ಒಂದು ಕಣ್ಣು ಮೊಬೈಲಿನಲ್ಲಿ.
ನೈಫಿನ ಪೈಲ್ವಾನ ಎಂಬತ್ತು ತಗೊಂಡ,
ಮೂಳೆಯಿಂದ ಪಟಾಕಿ ಹೊಡೆಸಿದ;
ಮೂರು ದಿನ ಚಿಮಟ ಹಿಡಿಯಲಾಗಲಿಲ್ಲ.

ಆಮೇಲೆ ಕರಾಮಾ. ಗೋಡೆಗೆ ಲೈಸೆನ್ಸು ತೂಗಿಸಿದ ಸಣ್ಣ ಸೆಂಟರು.
ಮಾತರದ ಕಡೆಯವನಂತೆ, ತಿಲಕರತ್ನ, ಅರವತ್ತರ ಹತ್ತಿರ.
ಮಲಗು ಅನ್ನಲಿಲ್ಲ.
ಕೂತು ತೋರಿಸು ಅಂದ, ದಿನಾ ಹೇಗೆ ಕೂರುತ್ತೀ ಹಾಗೆ.
ಇಲ್ಲದ ಮಣೆಯ ಮುಂದೆ, ಇಲ್ಲದ ಸರಕ್ಕೆ ಬಾಗಿ ಕೂತೆ.
ಸುತ್ತ ಒಂದು ಸುತ್ತು ಬಂದು, ಹಿಂದಿಯಲ್ಲಿ ಕೇಳಿದ,
ಸೊನಾರಾ?

ಕತ್ತು ಮುಟ್ಟಲೇ ಇಲ್ಲ ಮೊದಲ ಇಪ್ಪತ್ತು ನಿಮಿಷ.
ಎದೆಯ ಮೇಲೆ, ಕಾಲರಿನ ಮೂಳೆಯ ಕೆಳಗೆ,
ಎಂದೂ ನೋಯದ ಜಾಗದಲ್ಲಿ ಹೆಬ್ಬೆರಳೂರಿ ಕಾದ.
ಕೂಗುವವನು ಒಬ್ಬ, ಕದ್ದವನು ಇನ್ನೊಬ್ಬ, ಅಂದ.
ಒರೆಗಲ್ಲಿಗೆ ಚಿನ್ನ ಉಜ್ಜಿದಾಗ
ಗೆರೆ ತಾನಾಗಿ ಹೇಳುತ್ತದಲ್ಲ, ಎಷ್ಟು ಕಂಚು ಅಂತ,
ಹಾಗೆ ಹೇಳಿಬಿಟ್ಟಿತು ಮೈ
ನಾನು ಡಾಕ್ಟರಿಗೂ ಹೇಳದ್ದನ್ನು.
ಬಾಯಿಂದ ಏನೋ ಸದ್ದು ಬಂತು.
ಅವನು ಕೇಳಿಸದವನಂತೆ ಟವೆಲು ಸರಿಮಾಡಿದ.

ಗಂಟೆಗೆ ನೂರ ಅರವತ್ತು, ಅಂದಳು ಕೌಂಟರಿನ ಹುಡುಗಿ.
ನೂರ ಮೂವತ್ತು ಮಾಡಿ, ಅಂದಿತು ನನ್ನ ಬಾಯಿ
ನನ್ನನ್ನು ಕೇಳದೆ.
ನಾನು! ಬೋರ್ಡಿನ ಮೇಲಿನ ಚಿನ್ನದ ರೇಟಿಗೆ
ತುಟಿ ಪಿಟಕ್ಕೆನ್ನದೆ, ಮಜೂರಿ ಅಂದ ಕೂಡಲೆ
ಮುಖ ಸಿಂಡರಿಸುವವರನ್ನು ಇಪ್ಪತ್ತೆರಡು ವರ್ಷ ಬೈದವನು.
ಕೊನೆಗೆ ನೂರ ಐವತ್ತಕ್ಕೆ ಬಂದಳು.
ಹತ್ತು ದಿರ್ಹಮ್ ಗೆದ್ದೆ.

ಇದರಲ್ಲಿ ನಿನಗೆಷ್ಟು, ಎಂದು ಕೇಳಿದೆ ಮೆಲ್ಲಗೆ,
ಚಪ್ಪಲಿ ಹುಡುಕುವ ನೆವದಲ್ಲಿ.
ಮೂವತ್ತೈದು, ಅಂದ. ನಿನಗೆ, ಗ್ರಾಮಿಗೆ?
ಹೇಳಿದೆ.
ಇಬ್ಬರೂ ಸ್ವಲ್ಪ ಹೊತ್ತು ನೆಲ ನೋಡಿದೆವು.

ಅವನ ಹೆಬ್ಬೆರಳಿನ ಬುಡ ಊದಿ ನೆಲ್ಲಿಕಾಯಿಯಾಗಿತ್ತು.
ಇದನ್ನು ಯಾರು ಒತ್ತುತ್ತಾರೆ, ಎಂದೆ.
ಬಾಗಿಲ ಅಂಚು, ಅಂದ, ಒತ್ತಿ ತೋರಿಸಿದ.

ಎಷ್ಟಾಗಬೇಕು ಹಾಗಾದರೆ ಒಂದು ಗಂಟೆಯ ಕೈಗೆ?
ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ, ಬಾಡಿಗೆ, ಲೈಸೆನ್ಸು,
ಎಣ್ಣೆ, ಕೌಂಟರಿನ ಹುಡುಗಿಯ ಸಂಬಳ;
ಯೂನಿಯನ್ ಸ್ಟಾಪು ದಾಟಿ ಹೋಯಿತು.
ಮುಂದಿನ ಗುರುವಾರಕ್ಕೆ ಹೆಸರು ಬರೆಸಿದ್ದೇನೆ.
ಚೌಕಾಸಿ ಮಾಡಲಾರೆ ಅಂದುಕೊಂಡಿದ್ದೇನೆ.

ನಮ್ಮ ಕಾರ್ಖಾನೆಯಲ್ಲಿ ಕೈ ತೊಳೆದ ನೀರನ್ನು ಚೆಲ್ಲುವುದಿಲ್ಲ.
ಡ್ರಮ್ಮಿನಲ್ಲಿ ಹಿಡಿದಿಡುತ್ತೇವೆ,
ವರ್ಷಕ್ಕೊಮ್ಮೆ ಬಸಿದರೆ ತಳದಲ್ಲಿ ಚಿನ್ನದ ಕೆಸರು,
ಸೇಠನಿಗೆ ಒಂದು ಹೊಸ ಟೈರಿನ ದುಡ್ಡು.
ತಿಲಕರತ್ನ ನಲ್ಲಿ ಬಿಟ್ಟು ಕೈ ತೊಳೆದ,
ಮೊಣಕೈಯವರೆಗೂ, ಸೋಪು ಹಚ್ಚಿ.
ನೀರು ಗೊಳಗೊಳ ಅಂತ ಹೋಯಿತು.
ಯಾರೂ ಹಿಡಿದಿಡಲಿಲ್ಲ.