ಒಂದ ಕಣ್ಣಿನ ಗಾಡಿ

ಇದಕ್ಕ ಆಳ ತಿಳಿಯೂದಿಲ್ಲ ಅಂಕಲ್, ಅಂದಳು ಡೆಲ್ಸಿಯಾ.
ಕೊಂಕಣಿಯೊಳಗ ಅಂದಳು, ನಾ ಕನ್ನಡದಾಗ ಕೇಳಿಸಿಕೊಂಡೆ.
ಒಂದ ಕ್ಯಾಮೆರಾ. ಗ್ವಾಡಿ ಇನ್ನೂ ದೂರ ಐತಿ ಅನಸತೈತಿ,
ಅಷ್ಟರಾಗ ಹೋಗಿ ಬಡದಿರತೈತಿ.
ಅಂಗೈಯಗಲ ಬಂಪರಿಗೆ ಮೂರು ಸುತ್ತು ಟೇಪು.

ನಾ ನಕ್ಕೆ.
ಎಡಗಣ್ಣು ಹೋಗಿ ಆರು ವರ್ಷಾತು.
ಸಕ್ಕರಿ ತಿಂದದ್ದು ನಾಲಗಿ, ದಂಡ ಕಟ್ಟಿದ್ದು ಕಣ್ಣು.
ಕೇಪೆಯ ಆಫೀಸಿನಾಗ ಸಾಹೇಬ ಬಲಗಣ್ಣು ಮುಚ್ಚಿಸಿ
ಓದು ಅಂದಾಗ ಗಡಗಡ ಓದಿದೆ,
ಸರತಿಯಾಗ ಮುಂದ ನಿಂತವರು ಒದರಿದ್ದನ್ನ ಬಾಯಿಪಾಠ ಮಾಡಿ.
ಅಂವ ಸುಮ್ಮನ ಹಲಗಿ ತಿರುವಿಟ್ಟ.
ಲೈಸೆನ್ಸು ಅಲ್ಲೇ ಉಳೀತು.

ಅವತ್ತಿಂದ ಕಲತದ್ದು:
ಚಾದ ಕಪ್ಪು ಎಷ್ಟು ದೂರ, ಅದರ ನೆರಳ ಕೇಳಬೇಕು.
ಮೆಟ್ಟಲನ್ನ ಹೆಬ್ಬೆರಳ ಕೇಳಬೇಕು.
ತಲಿ ಒಂದೀಟು ಆ ಕಡೆ ಈ ಕಡೆ ತೂಗಿದರ
ಹತ್ತಿರದ್ದು ಓಡತೈತಿ, ದೂರದ್ದು ನಿಲ್ಲತೈತಿ.

ಕೊಡಿಲ್ಲೆ, ಅಂದೆ.

ಕುಡಚಡೆಯ ಹಳಿ ದಾಟಿ, ಬಂದ್ ಬಿದ್ದ ತೂಕದ ಕಾಟಾ,
ಕೆಂಪು ಪ್ಲಾಸ್ಟಿಕ್ ಕುರ್ಚಿ.
ಕಣ್ಣಿನ ಡಬ್ಬಿಯೊಳಗ ಮೊದಲ ಕತ್ತಲಿ,
ಸ್ಪಂಜಿಗೆ ಹತ್ತಿದ ಅಕಿ ಕೊಬ್ಬರೆಣ್ಣಿ ವಾಸನಿ,
ಆಮ್ಯಾಲ ಒಮ್ಮೆಲೆ ನೆಲ.
ಗದ್ದ ಊರಿ ಮಲಗಿಧಂಗ, ಅಷ್ಟು ನೆಲ.
ಹತ್ತು ಗಾಲಿ ಟಿಪ್ಪರಿನಾಗ ಕುಂತು ಹತ್ತೊಂಬತ್ತು ವರ್ಷ
ಮಂದಿ ನೆತ್ತಿ ನೋಡಿದಾಂವ ನಾ.
ಈಗ ಬಿಯರಿನ ಮುಚ್ಚಳೊಂದು
ಹಾದ್ಯಾಗ ಬಂಡಿಗಲ್ಲಾಗಿ ಕುಂತಿತ್ತು.

ಎಡಗೈ ಗೇರ್ ಹುಡುಕಿತು.
ಕಾಲು ಕ್ಲಚ್ ಒತ್ತಿತು, ಚಪ್ಪಲಿ ಕಳಚಿ ಬಿತ್ತು.
ಬರೇ ಬೆರಳಿನ ಕೆಲಸ ಇದು, ಅದಕ್ಕ ಅಂಜಿಕಿ.

ನಾಯಿ ಬಂತು. ಮೊದಲ ನಾಕು ಕಂಬ,
ಆಮ್ಯಾಲ ಮುಗಿಲು ತುಂಬ ಒಂದು ಹಸಿ ಮೂಗು.
ಕುರ್ಚಿ ಸಮೇತ ಹಿಂದ ಸರದೆ.
ಡೆಲ್ಸಿಯಾ ನಕ್ಕದ್ದು ಬೆನ್ನ ಹಿಂದ,
ನಾಯಿ ಇದ್ದದ್ದು ನಾಲ್ವತ್ತು ಹೆಜ್ಜಿ ಮುಂದ,
ಬೆವತದ್ದು ನಡುವಿನ ನಾ.

ಇಟ್ಟಂಗಿ ಸಂದಿ, ಒಡದ ಪೈಪು, ಮತ್ತ ಇಟ್ಟಂಗಿ.
ಎಲ್ಲೂ ಬಡೀಲಿಲ್ಲ.
ಹೆಂಗ ಅಂಕಲ್?
ಗಾಡಿಗೆ ಒಂದು ಕಣ್ಣು, ನನಗೂ ಒಂದು.
ನಿನಗ ಎರಡದಾವ, ಅದಕ್ಕ ತ್ರಾಸು.

ಗಣಿ ನಿಂತಾಗಿಂದ ನಿಂತ ಟಿಪ್ಪರು ಏಳು.
ಮೂರನೇದು ನಂದು.
ಬಾಗಲ ಮ್ಯಾಲ ಮಾಲಕನ ಹೆಸರು,
ಗಾಲಿಗೆ ಹಬ್ಬಿದ ಬಳ್ಳಿ ಯಾರದೂ ಅಲ್ಲ.
ನಾ ಸೀದಾ ಹೊಟ್ಟಿ ಕೆಳಗ ಹೊಕ್ಕೆ.

ಗ್ರೀಸು, ಬೋಲ್ಟು, ಬಿಸಿ ಎಣ್ಣಿ, ಅದು ಕ್ಲೀನರನ ರಾಜ್ಯ.
ಯಮನೂರ ಅಲ್ಲೇ ಜೋಳಿಗಿ ಕಟ್ಟಿ ಮಲಗತಿದ್ದ.
ಹತ್ತೊಂಬತ್ತು ವರ್ಷ
ನಾ ಒಮ್ಮೆನೂ ಬಗ್ಗಿ ನೋಡಿದಾಂವಲ್ಲ.

ಮ್ಯಾಲ ಏನೋ ಬೆಳ್ಳಗ.
ಕ್ಯಾಮೆರಾ ಕತ್ತು ಎತ್ತೂದಿಲ್ಲ.
ಒಂದು ಕಲ್ಲಿಗೆ ಮುಂದಿನ ಗಾಲಿ ಏರಿಸಿದೆ, ಸಾವಕಾಶ,
ಹಿಂದಕ, ಮತ್ತ ಮುಂದಕ,
ಮೂತಿ ಎದ್ದಿತು:
ಚಾಸಿಯ ತೊಲಿ ಮ್ಯಾಲ ಬಿಳಿ ಬಣ್ಣದಾಗ
ಸೊಟ್ಟ ಅಕ್ಷರ
ಯಮನೂರನ ಗಾಡಿ

ಆಮ್ಯಾಲ ಜರಡಿ ಹಿಡದಂಗ ಹಿಟ್ಟು ಉದರಿತು,
ಹಿಟ್ಟಿನ ಮ್ಯಾಲ ಕತ್ತಲಿ.
ಬ್ಯಾಟರಿ ಮುಗೀತು, ನಾ ತರತೀನಿ, ಅಂದಳು.
ಬ್ಯಾಡ, ಅಂದೆ.

ಒಂದು ಕಾಲಾಗ ಚಪ್ಪಲಿ, ಒಂದು ಬರಿಗಾಲು,
ಲುಂಗಿ ಎತ್ತಿ ಕಟ್ಟಿ ಮಣಕಾಲೂರಿ ತೆವಳಿದೆ.
ಕೆಂಪು ಧೂಳು ಬಾಯಾಗ ಕಬ್ಬಿಣದ ರುಚಿ.
ಕಾರು ಕೈಗೆ ಸಿಕ್ಕಿತು, ಇನ್ನೂ ಬೆಚ್ಚಗ.
ಅಕ್ಷರ ನೆತ್ತಿ ಮ್ಯಾಲ ಇದ್ದವು.
ತಲಿ ಎತ್ತಲಿಲ್ಲ.
ಅವನ ಹನ್ನೆರಡು ದಿನದ ಪಗಾರ ನನ್ನ ಹಂತ್ಯಾಕ ಐತಿ,
ಕೊಡತೀನಿ ಅಂದಿದ್ದೆ, ಗಣಿ ನಿಂತ ವರ್ಷ.

ಅಲ್ಲೇ ಬೋರಲು ಬಿದ್ದು ಮೊಬೈಲ್ ತಗದೆ.
ನಂಬರು ಐತಿ.
ಹೆಸರಿನ ಜಾಗಾದಾಗ ಕ್ಲೀನರ್ ಅಂತ ಐತಿ.
ಅದನ್ನಷ್ಟು ಅಳಿಸಿ
ಒಂದ ಕಣ್ಣಿಲೆ, ಒಂದೊಂದ ಅಕ್ಷರ,
ಯ, ಮ,
ಡೆಲ್ಸಿಯಾ ಹೊರಗಿಂದ ಕೂಗತಾಳ,
ಅಂಕಲ್, ಸಿಕ್ಕಿತೇನು?