ಹೊರಗಿನ ನೀರು

ಬೆಳಗಿನ ಪಾಳಿ ನನ್ನದು.
ಇಮ್ಮಿಂಗ್‌ಹ್ಯಾಮ್ ಬಂದರು, ಹಂಬರ್ ನದಿಯ ತೆಂಕು ದಡ,
ಎರಡನೇ ಗೇಟು ದಾಟಿದರೆ ನಾವಿಕರ ಕೇಂದ್ರ:
ಒಂದು ಕಾಲು ಗಿಡ್ಡವಾದ ಬಿಲಿಯರ್ಡ್ಸ್ ಮೇಜು,
ಯಾರೋ ಅಜ್ಜಿಯರು ಹೆಣೆದು ಕಳಿಸಿದ ಉಣ್ಣೆ ಟೊಪ್ಪಿಗೆಗಳ ಪೆಟ್ಟಿಗೆ,
ಮೂಲೆಯಲ್ಲಿ ಮಾಹಿತಿ ಎಂಬ ಬೋರ್ಡು,
ಅದರ ಕೆಳಗೆ ನಾನು, ತದಡಿಯ ಜಟ್ಟಿ ತಂಡೇಲನ ಮಗಳು.

ಸಿಮ್ ಕಾರ್ಡಿಗೆ ಎಷ್ಟು?
ಹಲ್ಲಿನ ಡಾಕ್ಟರು ಭಾನುವಾರ ಸಿಗುತ್ತಾರಾ?
ಇಲೋಯ್ಲೋದಲ್ಲಿ ಈಗ ಗಂಟೆ ಎಷ್ಟು, ಮಗು ಎದ್ದಿರುತ್ತಾ?
ಚೀಟಿಯಲ್ಲಿ ಬರೆದ ಸಂಬಳ, ಕೈಗೆ ಬಂದ ಸಂಬಳ,
ನಡುವಿನ ಇನ್ನೂರು ಡಾಲರು ಎಲ್ಲಿ ಹೋಯಿತು?
ಗೊತ್ತಿದ್ದರೆ ಹೇಳು, ಗೊತ್ತಿಲ್ಲದಿದ್ದರೆ ಮೊದಲು ಚಹಾ ಕೊಡು,
ಆಮೇಲೆ ಫೋನು ಮಾಡು.
ಡೊರೀನ್ ಪ್ಲಾಸ್ಕಿಟ್ ಕಲಿಸಿದ ಪಾಠ ಇಷ್ಟೇ.
ಮೂವತ್ತು ವರ್ಷ ಇದರಲ್ಲೇ ಸವೆದ ಹೆಂಗಸು,
ಹಡಗಿನಲ್ಲಿ ಹೋದದ್ದು ಮಾತ್ರ ಒಂದೇ ಸಲ, ವಾಂತಿ ಮಾಡಿಕೊಂಡಳಂತೆ.

ನಮ್ಮ ಕಡೆ ಧಕ್ಕೆ ಅಂದರೆ ದೋಣಿ ಕಟ್ಟುವ ಕಲ್ಲಿನ ಕಟ್ಟೆ.
ಘಟ್ಟದ ಮೇಲಿಂದ ಬಂದ ಮಾಸ್ತರು ಮಾತ್ರ
ಪೆಟ್ಟು ಎಂದು ಅರ್ಥ ಬರೆಸಿದರು.
ಎರಡೂ ಸರಿಯೆಂದು ತಿಳಿಯಲು
ಸೆಲ್ಮಾ-ಕೆ ಬರಬೇಕಾಯಿತು.

ಹನ್ನೊಂದು ಜನ. ಐದು ತಿಂಗಳ ಸಂಬಳ ಬಾಕಿ.
ಮಾಲೀಕನ ನಂಬರು ಮೊದಲು ರಿಂಗಾಗುತ್ತಿತ್ತು,
ಆಮೇಲೆ ಅದೂ ಇಲ್ಲ.
ಚುಕ್ಕಾಣಿ ಕೋಣೆಯ ಗಾಜಿಗೆ ಕೋರ್ಟಿನ ಕಾಗದ ಅಂಟಿಸಿ ಹೋದರು.
ಹಡಗು ಜಪ್ತಿ. ಒಳಗಿದ್ದವರನ್ನು ಏನೆಂದು ಕರೆಯಬೇಕೋ
ಕಾಗದದಲ್ಲಿ ಇರಲಿಲ್ಲ.
ವ್ಯಾನಿನಲ್ಲಿ ಅಕ್ಕಿ, ಈರುಳ್ಳಿ, ನೀರಿನ ಕ್ಯಾನು ಹೇರಿಕೊಂಡು ಹೋದೆ,
ಜತೆಗೆ ಅರ್ಜಿ, ಎಂಟೆಂಟು ಪುಟದ್ದು.
ಎಣ್ಣೆಬಟ್ಟೆ ಹಾಸಿದ ಊಟದ ಮೇಜಿನ ಮೇಲೆ
ಒಬ್ಬೊಬ್ಬರದೇ ತುಂಬಿಸಿದೆವು.
ಕೊನೆಯ ಸಾಲು: ಬೇರೆ ಏನಾದರೂ ಬೇಕೇ?

ಅಡುಗೆಯ ಜುಂಬೇರ್, ಪೋತಿ ಊರಿನವನು,
ಗಡ್ಡ ಕೆರೆದುಕೊಂಡು ಯೋಚಿಸಿದ.
ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ,
ದಿನಾ ಬರೆದು ಕೊಡ್ತೀಯಾ?
ನಾನು ನಕ್ಕೆ. ನಗಬಾರದಿತ್ತು.
ಅವರ ಹಡಗು ನಿಂತದ್ದು ಲಾಕ್‌ಗೇಟಿನ ಒಳಗೆ,
ಇಲ್ಲಿಯದು ಕೊಳದ ನೀರು, ಏರುವುದಿಲ್ಲ ಇಳಿಯುವುದಿಲ್ಲ,
ಹಡಗಿನ ಹೊಟ್ಟೆಗೆ ಪಾಚಿ ಹತ್ತುತ್ತಿತ್ತು.
ಅವನು ಗೇಟಿನ ಆಚೆ ಕೈ ತೋರಿಸಿದ.
ಅಲ್ಲಿಯದು, ಅಂದ. ಅಲ್ಲಿ ನಡೀತಾ ಇದೆಯಲ್ಲ.

ಅಪ್ಪನಿಗೆ ಕೋಷ್ಟಕ ಬೇಕಿರಲಿಲ್ಲ.
ಹುಣ್ಣಿಮೆ ಅಮಾವಾಸ್ಯೆಗೆ ತುಂಬು ಭರತ, ಅಷ್ಟಮಿಗೆ ಸತ್ತ ನೀರು,
ತಿಥಿ ಎಣಿಸಿ ಮಚ್ವೆ ಬಿಡುತ್ತಿದ್ದ.
ನಾನು ಆಫೀಸಿನ ಹಸಿರು ಪುಸ್ತಕ ನೋಡಿ ಬರೆದೆ,
ಬಿಸ್ಕತ್ತಿನ ರಟ್ಟು ಕತ್ತರಿಸಿ, ದಿನಕ್ಕೊಂದು ಚೂರು:
ಬೆಳಿಗ್ಗೆ ಆರು ಹನ್ನೆರಡು, ಏಳು ಮೀಟರು.
ಮಧ್ಯಾಹ್ನ ಹನ್ನೆರಡು ಇಪ್ಪತ್ತೇಳು, ಒಂದಕ್ಕೂ ಕಡಿಮೆ.
ಒಲೆಯ ಮೇಲಿನ ತಂತಿಗೆ ಚುಚ್ಚಿಟ್ಟು
ಭರತದ ಹೊತ್ತಿಗೆ ಸರಿಯಾಗಿ ಊಟದ ಗಂಟೆ ಹೊಡೆಯುತ್ತಿದ್ದ.
ಊಟ ದಿನಕ್ಕೆ ಐವತ್ತು ನಿಮಿಷ ಜಾರುತ್ತಾ ಹೋಯಿತು.
ಯಾರೂ ಬೈಯಲಿಲ್ಲ.

ಮಾರ್ಚಿನಲ್ಲಿ ಹಡಗು ಹರಾಜಾಯಿತು. ಹನ್ನೊಂದು ಟಿಕೆಟ್ಟು.
ಬಾಕಿಯಲ್ಲಿ ಸ್ವಲ್ಪ ಬಂತು; ಎಷ್ಟೆಂದು
ಅವರೇ ಹೇಳಬೇಕು, ನಾನು ಬರೆಯುವುದಿಲ್ಲ.
ಜುಂಬೇರ್ ತಂತಿ ಸಮೇತ ರಟ್ಟುಗಳನ್ನು ಒಯ್ದ,
ಬಟಾಟೆ ಸುಲಿಯುವ ಚಾಕು ನನಗೆ ಬಿಟ್ಟ.

ಈಗಲೂ ಬಂದ ಕೂಡಲೇ ರಟ್ಟಿನ ಚೂರು ಹುಡುಕುತ್ತೇನೆ.
ಬರೆದು ಬಾಗಿಲಿಗೆ ಸಿಕ್ಕಿಸುತ್ತೇನೆ. ಯಾಕೆಂದು ಡೊರೀನ್ ಕೇಳಿಲ್ಲ.

ಫೋನು. ಹಾಂ, ತೆರೆದಿದೆ.
ಎಷ್ಟು ಜನ? ನಾಲ್ಕಾ, ಐದಾ?
ಹಳದಿ ಜಾಕೀಟು ಹಾಕಿಕೊಂಡು ಏಣಿಯ ಬುಡದಲ್ಲಿ ನಿಂತಿರಿ,
ಕ್ರೇನಿನ ಕೆಳಗೆ ನಡೆಯಬೇಡಿ.
ಬರುತ್ತಿದ್ದೇನೆ.