ಹೇರ್‌ಪಿನ್ನು

ಖಡಕಿಯ ನಮ್ಮ ಎರಡನೆಯ ಮಾಳಿಗೆಗೆ
ಅದು ಒಮ್ಮೆಲೇ ಬರಲಿಲ್ಲ.
ಮೊದಲು ಟಾಕಿ, ಆಮೇಲೆ ಎರಡು ಗಾಲಿ,
ಚಾಸಿಯನ್ನು ನಾನೂ ಇವರೂ ಹೆಣ ಹೊತ್ತಂತೆ ಹೊತ್ತು
ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿ, ಗೋಡೆಯ ಸುಣ್ಣ ಕೆರೆದು,
ಕೊನೆಗೆ ಎಂಜಿನ್ನು, ಗೋಣಿಚೀಲದಲ್ಲಿ,
ನೀರು ತುಂಬಿದ ಹಂಡೆಯಷ್ಟು ಭಾರ.

ಜುನಾ ಬಜಾರಿನ ಇದ್ರೀಸ್ ತೂಕಕ್ಕೆ ಹಾಕಿದ್ದ.
"ಯೆಜ್ಡಿ ಅಂತ ಹೆಸರಷ್ಟೇ ಉಳಿದಿದೆ ತಾಯಿ, ಇದು ಗುಜರಿ.
ಮನೆಯವರನ್ನು ಕೇಳಿದ್ದೀಯಾ?"
ಮನೆಯವರು ನನ್ನ ಹಿಂದೆಯೇ
ಮೆಂತ್ಯದ ಸೂಡು ಹಿಡಿದು ನಿಂತಿದ್ದರು.

ಭೋಸರಿಯ ಕಾರ್ಖಾನೆಯಲ್ಲಿ ನನ್ನ ಕೆಲಸ
ಬೇಡ ಅನ್ನುವುದು.
ಹತ್ತೊಂಬತ್ತು ವರ್ಷದಿಂದ
ಕೂದಲೆಳೆ ಹೆಚ್ಚಾದರೂ ಬೇಡ, ಕಡಿಮೆಯಾದರೂ ಬೇಡ,
ಕೆಂಪು ಡಬ್ಬಿಗೆ ಎಸೆ.
ಮನೆಗೆ ಬಂದು ಇದರ ಮುಂದೆ
ಚಕ್ಕಳಮಕ್ಕಳ ಹಾಕಿ ಕೂತರೆ
ಡಬ್ಬಿಗೆ ಹೋಗದಿರುವಂಥದು ಒಂದೂ ಇರಲಿಲ್ಲ.

ಹಲ್ಲುಜ್ಜುವ ಬ್ರಷ್ಷು ಸೀಮೆಎಣ್ಣೆಗೆ ಅದ್ದಿ
ಚಾಸಿಯ ಕತ್ತಿನ ತಗಡು ತಿಕ್ಕುತ್ತಿದ್ದೆ.
ಮಡ್ಡಿಯಿಂದ ಒಂದೊಂದೇ ಅಕ್ಷರ ಎದ್ದು
ಮೈಸೂರು ಅಂದಿತು.
"ಅಯ್ಯ, ನಮ್ಮ ಕಡೀದ ಐತಲ್ಲ!" ಒಲೆಯ ಮುಂದಿನಿಂದ ಇವರು.
ಇಂಡಿಯವರಿಗೆ ಮೈಸೂರು ಯಾವಾಗ ನಮ್ಮ ಕಡೆಯಾಯಿತು,
ಪುಣೆಯೇ ಹತ್ತಿರ.
ಆದರೂ ಆ ರಾತ್ರಿ ಅದಕ್ಕೊಂದು ಹಳೆಯ ಚಾದರ ಹೊದಿಸಿದರು.
ಕಾರ್ಬುರೇಟರಿನ ಜೆಟ್ಟು ಹುಣಸೆನೀರಿಗೆ ಹಾಕಿಟ್ಟಿದ್ದೆ;
ಅದು ಸಾರಾಗದೆ ಉಳಿದದ್ದು ದೇವರ ದಯೆ.

ಬಿಚ್ಚಿದಷ್ಟೂ ಬೇರೆಯವರ ಕೈ.
ಟಾಕಿಯ ತೂತಿಗೆ ಬಟ್ಟೆಸೋಪು ಮೆತ್ತಿದ್ದಾರೆ, ಕಲ್ಲಾಗಿದೆ.
ಗ್ಯಾಸ್ಕೆಟ್ಟಿಗೆ ಲಗ್ನಪತ್ರಿಕೆ ಕತ್ತರಿಸಿದ್ದಾರೆ.
ಎಣ್ಣೆ ಕುಡಿದ ಕಾಗದದಲ್ಲಿ
ವರನ ಹೆಸರು ಬೋಲ್ಟಿನ ತೂತಿಗೆ ಹೋಗಿದೆ,
ವಧು ಚಿ.ಸೌ.ಕಾಂ. ತನಕ ಉಳಿದಿದ್ದಾಳೆ.

ಮತ್ತೆ ಹಿಂದಿನ ಬ್ರೇಕಿನ ಸರಳಿನಲ್ಲಿ
ಸ್ಪ್ಲಿಟ್ ಪಿನ್ ಇರಬೇಕಾದ ಕಡೆ
ಒಂದು ಹೇರ್‌ಪಿನ್ನು.
ಕಪ್ಪು, ನಡುವೆ ಅಲೆ ಅಲೆ,
ಎರಡು ಕಾಲೂ ಮುರಿಗೆ ಹಾಕಿಕೊಂಡು
ಅಷ್ಟು ವರ್ಷ ಹಿಡಿದಿದೆ.

ದಿವೆಯೋ ಖಂಬಾಟಕಿಯೋ, ಯಾವುದೋ ಘಾಟಿನ ಇಳಿಜಾರು.
ಅವನು ಬೆವರುತ್ತ ಚೀಲ ತಡಕುವಾಗ
ಹಿಂದೆ ಕೂತವಳು ಇಳಿದು
ತುರುಬಿಗೆ ಕೈ ಹಾಕಿರಬೇಕು.
ಗಾಳಿಗೆ ಜಡೆ ಬಿಚ್ಚಿ ಬಾಯಿಗೆಲ್ಲ ಕೂದಲು.
ಸೆರಗು ಬಿಗಿದು "ನಡಿ" ಅಂದಿರಬೇಕು.
ಇಲ್ಲವೇ ಯಾವ ಅವಳೂ ಇಲ್ಲ,
ಮೆಕ್ಯಾನಿಕ್ಕು ಹೆಂಡತಿಯ ಪೌಡರ್ ಡಬ್ಬಿಯಿಂದ ಕದ್ದದ್ದು.
ನನಗೆ ಘಾಟೇ ಇರಲಿ.

ನಾನಾ ಪೇಠೆಯ ಢಮಾಳೆ ಬೋರು ಕೊರೆದುಕೊಟ್ಟ.
ಅರವತ್ತೈದು ಪಾಯಿಂಟ್ ಐದು, ನಾನೇ ಗೇಜು ಹಾಕಿ ನೋಡಿದೆ,
ಬೇಡ ಅನ್ನಲು ಕಾರಣ ಸಿಗಲಿಲ್ಲ.
"ಎಲ್ಲ ಒರಿಜಿನಲ್ ಹಾಕಿ ಮೇಡಂ, ಬಹುಮಾನ ಬರುತ್ತದೆ."
ಎರಡು ರೂಪಾಯಿಯ ಸ್ಪ್ಲಿಟ್ ಪಿನ್ನು ಕೊಂಡೆ. ಹಾಕಿದೆ.
ಬ್ರೇಕಿನ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ.
ಹಳೆಯದನ್ನು ಎಲ್ಲಿಟ್ಟೆ ಅಂತ ಇವರಿಗೂ ಹೇಳಿಲ್ಲ.

ಇವತ್ತು ಕೆಳಗಿಳಿಸಿ ಜೋಡಿಸಿದೆವು.
ಇದರಲ್ಲಿ ಕಿಕ್ಕೂ ಗೇರೂ ಒಂದೇ ಲಿವರು,
ಒದ್ದ ಕಾಲೇ ನಡೆಸಬೇಕು.
ಹದಿನೇಳನೆಯ ಒದೆಗೆ ಅದು ತಿರುಗಿ
ನನ್ನ ಮೊಣಕಾಲ ಕೆಳಗೆ ಬಾರಿಸಿತು.
ಕುಂಟುತ್ತ ಇನ್ನೊಂದು ಒದ್ದೆ.

ಹೊಗೆ. ನೀಲಿ, ದಪ್ಪ,
ಪ್ರಮಿಳಾಕಾಕೂ ಒಣಹಾಕಿದ ಸೀರೆಗಳ ತನಕ.
ಅವರ ಬಾಯಿ ಆಡುತ್ತಿತ್ತು, ಬೈಗುಳ ಕೇಳಿಸಲಿಲ್ಲ.
ಎರಡೂ ಸೈಲೆನ್ಸರು ಒಟ್ಟಿಗೆ ಮಾತಾಡುತ್ತಿದ್ದವು,
ಸೀಟಿನ ಮೇಲಿಟ್ಟ ಪಕ್ಕಡು ಕುಣಿದು ಕೆಳಗೆ ಬಿತ್ತು.

ಇವರು ಕೈಚೀಲ ಸಮೇತ ಹಿಂದೆ ಹತ್ತಿ ಕೂತರು,
ಮಂಡಿಗೆ ಹೋಗುವುದು ಅಂತ ತಾವೇ ನಿರ್ಧರಿಸಿ.
"ಬ್ರೇಕ್ ಹಿಡೀತಾವಿಲ್ಲ?"
"ಹಿಡೀತಾವ."

ಕ್ಲಚ್ಚು ಬಿಡುವ ಮುನ್ನ
ತುರುಬನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.